ಎಂಜಿನ್ನಿನ ಆ ಬಾಜೂ

ಮೊನ್ನೆ ನಮ್ಮ ಓಣಿಗೆ ಕಲಾಯಿ ಹಾಕುವ ಮುದುಕನೊಬ್ಬ ಬಂದಿದ್ದ. ಬೇವಿನ ಗಿಡದ ಕೆಳಗೆ ಇದ್ದಿಲು ಒಲೆ ಹೂಡಿ, ಕಾದ ತಾಮ್ರದ ಹಂಡೆಯ ಮೇಲೆ ನವಸಾಗರದ ಪುಡಿ ಉದುರಿಸಿದ. ಬುಸ್ಸೆಂದು ಬಿಳಿ ಹೊಗೆ ಎದ್ದಿತು. ಮೂಗು ಚುರುಗುಟ್ಟಿಸುವ, ಉಪ್ಪೂ ಹುಳಿಯೂ ಅಲ್ಲದ ಆ ವಾಸನೆಗೆ ನಾನು ಕಾಯಿಪಲ್ಲೆಯ ಚೀಲ ಹಿಡಿದುಕೊಂಡು ನಿಂತೇಬಿಟ್ಟೆ. “ಭಾಂಡೆ ಏನರ ಅದಾವೇನ್ರಿ ಬಾಯಾರ?” ಅಂತ ಆತ ಕೇಳಿದ. ಇಲ್ಲ ಅಂದೆ. ಇಲ್ಲ ಅಂದಮೇಲೂ ಅಲುಗದೆ ನಿಂತ ನನ್ನನ್ನು ನೋಡಿ ಆತನಿಗೆ ಏನೋ ಅನುಮಾನ ಬಂದಿರಬೇಕು, ಹಂಡೆಯನ್ನು ತನ್ನ ಕಡೆಗೆ ಎಳೆದುಕೊಂಡ. ಆತನಿಗೆ ಹೇಗೆ ಹೇಳಲಿ? ರೋಣದ ನಮ್ಮ ಮನೆಯಲ್ಲಿ ಈ ಹೊಗೆ ಏಳುತ್ತಿದ್ದದ್ದು ಭಾಂಡೆಗಳಿಗಾಗಿ ಅಲ್ಲ, ರೈಲಿನ ಎಂಜಿನ್ನಿಗಾಗಿ. ನಿಮಗೂ ಅಂಥದೊಂದು ವಾಸನೆ ಇದ್ದೇ ಇರುತ್ತದೆ, ಬಿದ್ದುಹೋದ ಮನೆಯೊಂದನ್ನು ಗೋಡೆ, ತೊಲೆ, ಜನರ ಸಮೇತ ಒಮ್ಮೆಲೇ ಎಬ್ಬಿಸಿ ನಿಲ್ಲಿಸುವಂಥದು.

ನಮ್ಮದು ಪ್ಯಾಟಿಯೊಳಗೆ ಹಗ್ಗ, ಮೊಳೆ ಮಾರುವ ಅಂಗಡಿ. ಅಂಗಡಿ ನೋಡುತ್ತಿದ್ದವರು ಅಪ್ಪ. ನೋಡಬೇಕಾಗಿದ್ದವನು, ಅಪ್ಪನ ತಮ್ಮ, ನಮ್ಮ ಈರಪ್ಪ ಕಾಕಾ. ಕಾಕಾನ ಮನಸ್ಸು ಮಾತ್ರ ಹೊಳೆಆಲೂರಿನ ಸ್ಟೇಷನ್ನಿನಲ್ಲಿ ಇರುತ್ತಿತ್ತು. ಪ್ರತಿ ವರ್ಷ ಯುಗಾದಿ ಪಾಡ್ಯದ ದಿನ ನಮ್ಮಲ್ಲಿ ಒಂದು ಪದ್ಧತಿ. ಬೇವು ಕುಡಿದು, ಪಂಚಾಂಗ ಓದಿಸಿಕೊಂಡು, ಹೋಳಿಗೆ ಉಂಡಾದ ಮೇಲೆ ಎಲ್ಲರೂ ಪಡಸಾಲೆಯಲ್ಲಿ ಕೂಡಬೇಕು. ಕಂಬಕ್ಕೆ ಬೆನ್ನು ಕೊಟ್ಟು ಆಯಿ, ಅಂದರೆ ಅಪ್ಪನ ತಾಯಿ; ಎಲೆ ಅಡಿಕೆಯ ತಟ್ಟೆಯ ಹತ್ತಿರ ಅಪ್ಪ; ಹೊಸ್ತಿಲ ಬಳಿ ಎದುರುಮನೆಯ ಬಡಿಗೇರ ಮೌನಪ್ಪ; ಪಾಟಿ, ಪೆನ್ಸಿಲ್ ಹಿಡಿದುಕೊಂಡು ಕಾಕಾನ ಪಕ್ಕದಲ್ಲಿ ನಾನು. ಹೊಸದಾಗಿ ಸುಣ್ಣ ಬಳಿದ ಗೋಡೆಯ ಮೇಲೆ ಕಾಕಾ ಇದ್ದಿಲಿನಿಂದ ಆ ವರ್ಷ ಕಟ್ಟುವ ಎಂಜಿನ್ನುಗಳ ಚಿತ್ರ ತೆಗೆಯುತ್ತಿದ್ದ. ಮೊಳಕ್ಕೊಂದು ಬೆರಳು, ಇದು ಅವನ ಅಳತೆ. ಖರೇ ಎಂಜಿನ್ನಿನ ಒಂದು ಮೊಳ ನಮ್ಮ ಎಂಜಿನ್ನಿನಲ್ಲಿ ಒಂದು ಬೆರಳು. ಯಾವುದು ಶ್ರಾವಣದೊಳಗೆ, ಯಾವುದು ದೀಪಾವಳಿಗೆ, ಯಾವುದು ಸಂಕ್ರಾಂತಿಗೆ ಅನ್ನುವುದನ್ನೂ ಕೆಮ್ಮಣ್ಣಿನಲ್ಲಿ ಬರೆಯುತ್ತಿದ್ದ. ವರ್ಷಕ್ಕೆ ಮೂರು ಅಂತ ಬರೆಯುವುದು, ಒಂದು ಮುಗಿದರೆ ಊರಿಗೆಲ್ಲ ಪೇಢೆ ಹಂಚುವುದು!

“ಹೋದ ವರ್ಷದ್ದಕ್ಕ ಇನ್ನ ಗಾಲಿ ಹತ್ತಿಲ್ಲ, ಈ ವರ್ಷ ಮತ್ತ ಮೂರಂತ,” ಎಂದು ಆಯಿ ಶುರು ಮಾಡುತ್ತಿದ್ದಳು. “ಈರ್ಯಾ, ನಿನ್ನ ಗಾಡಿ ಗ್ವಾಡಿ ಮ್ಯಾಲ ಭಾಳ ಜೋರ ಓಡತಾವ ನೋಡ.”

“ಗಾಲಿ ತಡ ಆಗಿದ್ದು ಮೌನಪ್ಪನಿಂದವ್ವಾ.”

“ನನ್ನ ಮ್ಯಾಲ ಹಾಕಬ್ಯಾಡ್ರಿ,” ಅನ್ನುವನು ಮೌನಪ್ಪ. ಅವನು ಮೂಲತಃ ನರಗುಂದದವನು, ಚಕ್ಕಡಿಯ ಗಾಲಿ ಮಾಡುವುದರಲ್ಲಿ ಎತ್ತಿದ ಕೈ. “ನಾ ಚಲೋ ಗಾಲೀನ ಮಾಡಿ ಕೊಟ್ಟಿದ್ನಿ ಅಮ್ಮಾರ. ಎತ್ತಿಲ್ಲದ ಗಾಡಿಗೆ ಇಂಥಾ ಗಾಲಿ ಬ್ಯಾಡಂತ ಇವರ ತಿರುಗಿ ಕಳಿಸಿದ್ರು.”

ನಾನು ಹೇಳಹೊರಟಿರುವ ವರ್ಷದ ಪಾಡ್ಯದಲ್ಲಿ ಮಾತ್ರ ಆ ನಗೆಯ ನಡುವೆ ಒಂದು ಮುಳ್ಳು ಇತ್ತು. ಆಯಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳಕು, ನೆರಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ನಮ್ಮನ್ನೆಲ್ಲ ಹೆಜ್ಜೆಯ ಸಪ್ಪಳದಿಂದಲೇ ಗುರುತಿಸುತ್ತಿದ್ದಳು. ಊರ ಡಾಕ್ಟರು ಒಂದು ವರ್ಷದೊಳಗೆ ದೊಡ್ಡ ದವಾಖಾನೆಗೆ ಒಯ್ದು ಪೊರೆ ತೆಗೆಸಿರಿ, ತಡ ಮಾಡಿದರೆ ಕಣ್ಣು ಕೈಬಿಟ್ಟಂತೆ ಎಂದಿದ್ದರು. ಆ ದವಾಖಾನೆಗೆ ಹೋಗಬೇಕಾದರೆ ಹೊಳೆಆಲೂರಿನಲ್ಲಿ ರೈಲು ಹತ್ತಬೇಕು. ಆಯಿ ಒಲ್ಲೆ ಎಂದು ಕೂತಿದ್ದಳು.

“ಚಾಕೂಕ ನಾ ಹೆದರೂದಿಲ್ಲ. ಹಡೀವಾಗ ಇದಕ್ಕಿಂತ ದೊಡ್ಡದು ನೋಡೇನಿ. ಆ ಬೆಂಕಿ ಗಾಡಿ ಐತಲ್ಲ, ಅದು ಹ್ಯಾಂಗೈತಂತನ ನನಗ ಗೊತ್ತಿಲ್ಲ. ಕಣ್ಣ ಇದ್ದಾಗ ನೋಡಲಿಲ್ಲ. ಈಗ ಕಾಣಲಾರದ್ದು ಮುಂದ ನಿಂತು ಕೂಗಿದ್ರ ನನ್ನ ಎದಿ ಒಡದ ಹೊಕ್ಕೈತಿ.”

“ಎತ್ತಿ ಒಳಗ ಕುಂದರಿಸಿದ್ರ ಆತಪಾ,” ಅಂದರು ಅಪ್ಪ.

“ನಾ ಏನ ಹತ್ತಿ ಅಂಡಗಿ ಏನೋ, ಎತ್ತಿ ಹಾಕಾಕ?”

ಕಾಕಾ ಕೈಯಲ್ಲಿದ್ದ ಇದ್ದಿಲು ಕೆಳಗಿಟ್ಟ. ಆಮೇಲೆ ಗೋಡೆಯ ಮೇಲೆ ಆಗಲೇ ತೆಗೆದಿದ್ದ ಎರಡು ಎಂಜಿನ್ನುಗಳನ್ನು ಧೋತರದ ಚುಂಗಿನಿಂದ ಒರೆಸಿಹಾಕಿದ. “ಈ ವರ್ಷ ಮೂರ ಬ್ಯಾಡ. ಒಂದ. ಅದೂ ನೋಡಾಕಲ್ಲ, ಮುಟ್ಟಾಕ. ಅವ್ವಾ, ಮುಟ್ಟಿ ಮುಟ್ಟಿ ಗಾಡಿ ಪೂರಾ ತಿಳಕೊ. ಆಮ್ಯಾಲ ಹತ್ತತೀಯೋ ಇಲ್ಲೋ?”

ಆಯಿ ಎಲೆಗೆ ಸುಣ್ಣ ಸವರಿದಳು. “ಪೂರಾ ತಿಳದ್ರ ಹತ್ತತೀನಿ,” ಅಂದಳು. ಆ ‘ಪೂರಾ’ ಎಷ್ಟು ದೊಡ್ಡ ಮಾತು ಅನ್ನುವುದು ನಮಗೆ ಆಗ ಹೊಳೆಯಲಿಲ್ಲ.

ಆ ಬೇಸಿಗೆ, ಆ ಮಳೆಗಾಲ ನಮ್ಮ ಪಡಸಾಲೆಯ ಮೂಲೆ ಒಂದು ಕಾರಖಾನೆಯೇ ಆಗಿತ್ತು. ಹಲಸಿನ ತುಂಡಿನ ಹೊಟ್ಟು, ಕುದಿಯುವ ಸರಸಿನ ಅಂಟು, ತಗಡು ಬೆಸೆಯುವಾಗ ಏಳುವ ನವಸಾಗರದ ಹೊಗೆ, ಇವುಗಳ ನಡುವೆ ಅವ್ವ ರೊಟ್ಟಿ ಬಡಿಯುವ ಸಪ್ಪಳ. ಎಂಜಿನ್ನಿನ ಹೊಟ್ಟೆಗೆ ಚಿಮಣಿ ಎಣ್ಣೆಯ ಡಬ್ಬಿಯ ತಗಡು. ಗಾಲಿ ಜೋಡಿಸುವ ದಂಡಗಳಿಗೆ ಗಜೇಂದ್ರಗಡದ ನೇಕಾರರ ಓಣಿಯಿಂದ ತಂದ ಮುರಿದ ಲಾಳಿಗಳ ಕಟ್ಟಿಗೆ. ದಿನವೂ ಮಗ್ಗದಲ್ಲಿ ಹಿಂದೆ ಮುಂದೆ ಓಡಾಡಿದ ಕಟ್ಟಿಗೆ ಅದು, ಹೊಳಪು ಬಂದು ಬೆಣ್ಣೆಯಂತೆ ನುಣ್ಣಗಾಗಿತ್ತು. “ಓಡಿ ರೂಢಿ ಐತಿ ಇದಕ್ಕ, ಹೇಳಿಕೊಡೂದ ಬೇಕಾಗಿಲ್ಲ,” ಅನ್ನುತ್ತಿದ್ದ ಕಾಕಾ. ತಿಂಗಳಿಗೊಮ್ಮೆ ಬೆಳಕು ಹರಿಯುವ ಮೊದಲೇ ಚಕ್ಕಡಿ ಕಟ್ಟಿಕೊಂಡು ನಾವಿಬ್ಬರೂ ಹೊಳೆಆಲೂರಿಗೆ ಹೋಗುವುದು. ಮಲಪ್ರಭೆಯ ಕಡೆಯಿಂದ ತಣ್ಣನೆಯ ಗಾಳಿ. ಕರೀ ಎಂಜಿನ್ನು ಉಸಿರುಬಿಡುತ್ತ ಬಂದು ನಿಂತು ನೀರು ಕುಡಿಯುವಷ್ಟು ಹೊತ್ತು ನಮ್ಮ ಹೊತ್ತು. ಕಾಕಾ ಅಂಗಡಿಯ ಹಗ್ಗಕ್ಕೆ ಮೊಳಕ್ಕೊಂದು ಗಂಟು ಹಾಕಿಕೊಂಡು ಪ್ಲಾಟ್‌ಫಾರ್ಮಿನ ಮೇಲೆ ಓಡುತ್ತ ಅಳೆಯುತ್ತಿದ್ದ. ಕೊಳವೆ ಎಷ್ಟು, ತಿರುಪು ಎಷ್ಟು ಅಂತ ಎಣಿಸಿ ಪಾಟಿಯ ಮೇಲೆ ಬರೆಯುವುದು ನನ್ನ ಕೆಲಸ. ಎಣಿಕೆಯಲ್ಲಿ ನಾನು ತಪ್ಪುತ್ತಿರಲಿಲ್ಲ. ತಪ್ಪಿದರೆ ಕಾಕಾ ಬೈಯುತ್ತಿರಲಿಲ್ಲ, ಆದರೆ ಮತ್ತೆ ತಿಂಗಳು ಕಾಯಬೇಕಾಗುತ್ತಿತ್ತು.

ದೀಪಾವಳಿಯ ಹೊತ್ತಿಗೆ ಎಂಜಿನ್ನು ತಯಾರಾಯಿತು. ಕಾಡಿಗೆ, ಎಣ್ಣೆ ಕಲಸಿ ಬಳಿದ ಕಪ್ಪು ಬಣ್ಣ, ಮೊಳೆಯ ತಲೆಗಳೇ ತಿರುಪುಗಳು. ನೂಕಿದರೆ ಗಾಲಿ ಉರುಳಿ ದಂಡ ಮೇಲೆ ಕೆಳಗೆ ಆಡುತ್ತಿತ್ತು. ಗೋಡೆಯ ಮಾಡದಲ್ಲಿ ಇಟ್ಟಾಗ ಓಣಿಯ ಮಂದಿಯೆಲ್ಲ ಬಂದು ನೋಡಿ ಹೋದರು. ಬಲಿಪಾಡ್ಯದ ಮುಂಜಾನೆ ಕಾಕಾ ಅದನ್ನು ಇಳಿಸಿ ಆಯಿಯ ಮುಂದೆ ಇಟ್ಟ. ಆಯಿ ಎರಡೂ ಕೈ ಚಾಚಿದಳು. ಬಲಗೈ ಹೋಯಿತು ಹೋಯಿತು, ಕೊಳವೆ, ದಂಡ, ಮೆಟ್ಟಿಲು, ಒಂದೊಂದನ್ನೂ ಮಗುವಿನ ಮೈ ತಡವಿದಂತೆ ತಡವುತ್ತ. ಎಡಗೈ ಮಾತ್ರ ಒಂದೇ ಕಡೆ ಅತ್ತಿತ್ತ ಜಾರುತ್ತ ನಿಂತಿತು.

“ಈರ್ಯಾ, ಈ ಕಡಿ ಬೋಳ ಐತಲ್ಲೋ?”

ನಾವು ಬಗ್ಗಿ ನೋಡಿದೆವು. ಆ ಕಡೆ ಬರೀ ನುಣ್ಣನೆಯ ತಗಡು ಬಡಿದಿದ್ದೆವು! ವರ್ಷಗಟ್ಟಲೆ ಎಂಜಿನ್ನು ಕಟ್ಟಿದ ಕಾಕಾ ಒಂದಕ್ಕೂ ಇನ್ನೊಂದು ಬಾಜೂ ಮಾಡಿರಲಿಲ್ಲ. ಗೋಡೆಯ ಮೇಲಿನ ಚಿತ್ರಕ್ಕೆ ಒಂದೇ ಬಾಜೂ. ಮಾಡದಲ್ಲಿಟ್ಟರೆ ಕಾಣುವುದೂ ಒಂದೇ ಬಾಜೂ. ಪ್ಲಾಟ್‌ಫಾರ್ಮಿನ ಮೇಲೆ ನಿಂತು ನಾವು ನೋಡಿದ್ದೂ ಅದೊಂದನ್ನೇ. ಕಣ್ಣಿದ್ದ ಇಷ್ಟು ಮಂದಿಗೆ ಕಾಣದ್ದು ಕಣ್ಣಿಲ್ಲದ ಮುದುಕಿಯ ಎಡಗೈಗೆ ಸಿಕ್ಕಿತ್ತು.

“ಆ ಕಡೀನೂ ಹಿಂಗ ಇರತೈತಿ ತಗೋ ಅವ್ವಾ, ನಾಳೆ ಮಾಡಿಬಿಡತೀನಿ,” ಅಂದ ಕಾಕಾ, ಬೆವರು ಒರೆಸಿಕೊಳ್ಳುತ್ತ.

“ನೋಡೀಯೇನ?”

“ಇಲ್ಲ.”

“ನೋಡಲಾರದ್ದು ಮಾಡಬ್ಯಾಡ. ಅರ್ಧಾ ಗಾಡಿ ನಂಬಿ ನಾ ಹತ್ತೂದಿಲ್ಲ.”

ಮೌನಪ್ಪ ಹೊಸ್ತಿಲ ಬಳಿ ನಗು ತಡೆಯಲಾರದೆ ಕೆಮ್ಮಿದ. “ನನ್ನ ಚಕ್ಕಡಿಗೆ ಎರಡೂ ಕಡಿ ಗಾಲಿ ಇರತಾವ ನೋಡ್ರಿ ಅಮ್ಮಾರ,” ಅಂದ.

ಹಳಿ ದಾಟಲು ಸ್ಟೇಷನ್ ಮಾಸ್ತರರು ಬಿಡುತ್ತಿರಲಿಲ್ಲ. ಹಳಿಯ ಆಚೆ ತಂತಿ ಬೇಲಿ, ಬೇಲಿಯ ಆಚೆ ಬಿಳಿಜೋಳದ ಹೊಲ. ಸಂಕ್ರಾಂತಿಯ ಸುಮಾರಿಗೆ, ತೆನೆ ಹಾಲುಗಟ್ಟಿದ ಹೊತ್ತಿನಲ್ಲಿ, ಕಾಕಾ ಎರಡು ಹರದಾರಿ ಸುತ್ತು ಹಾಕಿ ಆ ಹೊಲ ಸೇರಿದ. ನಾನು ಎಂದಿನಂತೆ ಪ್ಲಾಟ್‌ಫಾರ್ಮಿನ ಮೇಲೆ. ಹೊಲದವನು ಮೆಣಸಗಿಯ ಕಡೆಯ ಒಬ್ಬ ಮುದುಕ; ಹಕ್ಕಿ ಕಾಯುವ ಅಟ್ಟಣಿಗೆಯ ಮೇಲೆ ಒಡಕು ಡಬ್ಬಿಯೊಂದನ್ನು ಬಡಿಯುತ್ತ ಕೂತಿದ್ದ. “ಹಕ್ಕಿ ಓಡಸಾಕ ಬಂದೀರೇನ್ರಿ?” ಅಂತ ಕೇಳಿದನಂತೆ. “ಗಾಡೀ ಮಾರಿ ನೋಡಾಕ,” ಅಂದನಂತೆ ಕಾಕಾ. ಮುದುಕ ಒಂದು ಮುಷ್ಟಿ ಸುಟ್ಟ ಹಾಲುಜೋಳದ ಸೀತನಿ ಕೊಟ್ಟು, ತಾನೂ ಈ ಕಡೆಯ ಮಾರಿಯನ್ನೇ ಮೂವತ್ತು ವರ್ಷ ನೋಡಿದವನು, ಆಚೆ ಏನಿದೆಯೋ ಗೊತ್ತಿಲ್ಲ ಎಂದನಂತೆ! ಕಾಕಾನಿಗೆ ಆಗ ಒಂದು ಯುಕ್ತಿ ಹೊಳೆದು ಆ ಡಬ್ಬಿ ಇಸಕೊಂಡ. ಗಾಡಿ ಬಿಡುವ ಮೊದಲು ತಂತಿಯ ಹತ್ತಿರ ಬಂದು ನನಗೆ ಕೂಗಿ ಹೇಳಿದ: “ಗಂಗೀ, ಈ ಕಡಿ ದಂಡ ಮ್ಯಾಲ ಬಂದಾಗೊಮ್ಮೆ ನಾ ಬಡೀತೀನಿ. ನಿನ್ನ ಕಡೀದು ಎಲ್ಲೈತಿ ನೋಡ!”

ಎಂಜಿನ್ನು ಜಗ್ಗಿತು. ಡಣ್! ನನ್ನ ಕಡೆಯ ದಂಡ ಇನ್ನೂ ನಡುವಿನಲ್ಲಿತ್ತು. ಮತ್ತೊಂದು ಸುತ್ತು. ಡಣ್! ಮತ್ತೆ ನಡುವೆ. ಡಬ್ಬಿಯ ಸದ್ದಿಗೆ ಹೊಲದ ಹಕ್ಕಿಗಳೆಲ್ಲ ಎದ್ದು ಹೊಗೆಯೊಳಗೆ ನುಗ್ಗಿದವು; ಡ್ರೈವರ್ ಏನಾಯಿತೋ ಎಂದು ತಲೆ ಹೊರಗೆ ಹಾಕಿದ. ಒಮ್ಮೆಯೂ ಎರಡು ಕಡೆಯ ದಂಡಗಳು ಒಟ್ಟಿಗೆ ಮೇಲೆ ಬರಲಿಲ್ಲ. ಕಾಕಾ ಮೊದಲೇ ಅಂದಂತೆ ಆ ಕಡೆಯೂ ಹೀಗೇ ಎಂದು ಮಾಡಿದ್ದರೆ ತಪ್ಪೇ ಆಗುತ್ತಿತ್ತು.

ಎರಡು ವಾರದಲ್ಲಿ ಬೋಳು ತಗಡು ಕಿತ್ತು ಆ ಬಾಜೂ ಕಟ್ಟಿದೆವು, ದಂಡವನ್ನು ಕಾಲು ಸುತ್ತು ಮುಂದಿಟ್ಟು. ಆಯಿ ಎರಡೂ ಅಂಗೈಗಳನ್ನು ಎರಡು ಕಡೆ ಇಟ್ಟುಕೊಂಡಳು. ಕಾಕಾ ಮೆಲ್ಲಗೆ ನೂಕಿದ. ಆಯಿಯ ಕೈಗಳು ಏರಿದವು, ಇಳಿದವು, ಒಂದು ಮುಂದೆ, ಒಂದು ಸ್ವಲ್ಪ ಹಿಂದೆ. ಅವಳ ಮುಖ ಅರಳಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

“ಅಯ್ಯ, ಇದ ನಾನೂ ನಮ್ಮ ನೆಗೆಣ್ಣಿ ಜ್ವಾಳ ಕುಟ್ಟಿದಂಗಾತಲ್ಲೋ! ಆಕೀ ವನಕಿ ಮ್ಯಾಲಿದ್ರ ನಂದು ನಡುವ. ಇಬ್ರೂ ಕೂಡೇ ಎತ್ತಿದ್ರ ಕೈ ಸೋತು ನಿಂತಬಿಡತಿದ್ವಿ. ಒಬ್ಬಾಕಿ ದಣದಾಗ ಇನ್ನೊಬ್ಬಾಕಿ ಜಗ್ಗಾಕ ಬೇಕು.” ಆ ನೆಗೆಣ್ಣಿ, ಅಂದರೆ ಆಯಿಯ ಓರಗಿತ್ತಿ, ನಮ್ಮ ದೊಡ್ಡಾಯಿ, ತೀರಿಕೊಂಡು ಆಗಲೇ ಬಹಳ ದಿನವಾಗಿತ್ತು. ಆಯಿ ಸ್ವಲ್ಪ ಹೊತ್ತು ತಾನೇ ನೂಕಿಕೊಂಡು ಕುಳಿತಳು. ಆಮೇಲೆ, “ಯಾವತ್ತ ಹೋಗೂದಂತ ನೋಡ್ರಿ,” ಅಂದಳು.

ಈಗ ಆ ಪಡಸಾಲೆ ಇಲ್ಲ. ಹೊಳೆಆಲೂರಿನ ಆ ಸಣ್ಣ ಅಗಲದ ಹಳಿಯೂ ಇಲ್ಲ, ಉಸಿರುಬಿಡುವ ಎಂಜಿನ್ನೂ ಇಲ್ಲ. ಅಪ್ಪ, ಮೌನಪ್ಪ, ಕಾಕಾ ಒಬ್ಬೊಬ್ಬರಾಗಿ ಇಳಿದುಹೋದರು. ಎರಡೂ ಬಾಜೂ ಇರುವ ಎಂಜಿನ್ನು ನನ್ನ ಕಪಾಟಿನ ಮೇಲಿದೆ. ಗೋಡೆಗೆ ತಾಗಿಸಿ ಇಡಲು ಮಾತ್ರ ನಾನು ಯಾರಿಗೂ ಬಿಡುವುದಿಲ್ಲ.

ಕಣ್ಣಿನ ಕೆಲಸ ಮುಗಿಸಿಕೊಂಡು ಆಯಿ ಕಾಕಾನ ಜೊತೆ ಮರಳಿದ್ದು ಮರುವರ್ಷದ ಯುಗಾದಿ ಪಾಡ್ಯಕ್ಕೆ ನಾಲ್ಕು ದಿನ ಮೊದಲು. ಕರೆತರಲು ನಾನು ಅಪ್ಪನ ಜೊತೆ ಹೊಳೆಆಲೂರಿಗೆ ಹೋಗಿದ್ದೆ. ದಪ್ಪ ಚಸ್ಮಾ ಹಾಕಿಕೊಂಡು ಇಳಿದವಳು ನನ್ನ ಗಲ್ಲ ಹಿಡಿದು ತಿರುಗಿಸಿ ನೋಡಿ, “ಇಷ್ಟ ಕರ್ರಗ ಯಾವಾಗಾದೆ?” ಅಂದಳು. ಆಮೇಲೆ ಎಂಜಿನ್ನಿನ ಈ ಬಾಜೂ ನೋಡಿದಳು, ಆ ಬಾಜೂ ನೋಡಲೇಬೇಕೆಂದು ಹಟ ಹಿಡಿದಳು. ಮಾಸ್ತರರು ಅವತ್ತು ಏನೂ ಅನ್ನದೆ ತಾವೇ ಕೈ ಹಿಡಿದು ಹಳಿ ದಾಟಿಸಿದರು. ಹೊಲ ಕಟಾವಾಗಿ ಬರೀ ಕೂಳೆ ನಿಂತಿತ್ತು, ಅಟ್ಟಣಿಗೆಯ ಡಬ್ಬಿ ಹಾಗೆಯೇ ಇತ್ತು. ದಂಡ ಮೇಲೆ ಬಂದಾಗ ಬಡಿಯಬೇಕೆಂದು ಹೇಳಿ ಕಾಕಾ ಅದನ್ನು ಆಯಿಯ ಕೈಗೆ ಕೊಟ್ಟ. ನಾನು ಈಚೆ ಕಿವಿಗೊಟ್ಟು ನಿಂತೆ. ಗಾಡಿ ಜಗ್ಗಿತು. ಒಂದು ಸುತ್ತು, ಎರಡು ಸುತ್ತು. ಡಬ್ಬಿಯ ಸಪ್ಪಳವೇ ಇಲ್ಲ. ಕಣ್ಣು ಸರಿಯಾಗಿ ಬಂದಿಲ್ಲವೇನೋ ಅಂದುಕೊಂಡೆ. ರೈಲಿನ ಕಡೆಯ ಬೋಗಿಯೂ ದಾಟಿ ಹೋಯಿತು. ಬಯಲಾದ ಹಳಿಯ ಆಚೆ, ಕೂಳೆಯ ನಡುವೆ, ಬಡಿಗೆ ಎತ್ತಿದ ಕೈ ಎತ್ತಿದಂತೆಯೇ ಆಯಿ ನಿಂತಿದ್ದಳು, ಗಾಡಿ ಹೋದ ದಿಕ್ಕಿಗೆ ಮುಖ ಮಾಡಿ.

“ಬಡಿಯೂದ ಮರತಬಿಟ್ನಿ ಗಂಗವ್ವಾ,” ಅಂತ ಕೂಗಿದಳು. “ನೋಡಕೋತ ನಿಂತ್ನಿ.”