ತಪಾಸಣೆಗೆ ಉಡುವ ಸೀರೆ

ಮದುವೆಗೆ ಉಡುವುದು ಯಾವುದು, ಸಾವಿನ ಮನೆಗೆ ಉಟ್ಟು ಹೋಗುವುದು ಯಾವುದು, ಶಾಲೆಗೆ ಯಾವುದು, ತೋಟಕ್ಕೆ ಯಾವುದು ಎಂಬುದೆಲ್ಲ ನಮ್ಮ ಮನೆಯ ಬೀರುವಿಗೇ ಬಾಯಿಪಾಠವಾಗಿದ್ದರೂ, ಉಟ್ಟುಕೊಂಡು ಹೋಗಿ ಅಲ್ಲಿ ಸಡಿಲಿಸುವುದಕ್ಕೆಂದೇ ಉಡಬೇಕಾದ ಸೀರೆ ಯಾವುದೆಂದು ಕೇಳಿದರೆ ಮಾತ್ರ ಅದು ಬಾಯಿ ಬಿಡುವುದಿಲ್ಲ. ವರ್ಷಕ್ಕೊಮ್ಮೆ ತಿಪಟೂರಿನ ಡಾಕ್ಟರಮ್ಮನ ಬಳಿ ಗರ್ಭಕೋಶದ ತಪಾಸಣೆಗೆ ಹೋಗುವ ಹಿಂದಿನ ಸಂಜೆ ನಾನು ಆ ಬೀರುವಿನ ಮುಂದೆ ಪೆಚ್ಚಾಗಿ ನಿಲ್ಲುತ್ತೇನೆ. ರೇಷ್ಮೆ ಅತಿಯಾಯಿತು, ಮಾಸಿದ್ದು ಮರ್ಯಾದೆಯಲ್ಲ, ಗಂಜಿ ಹಾಕಿದ ಕಾಟನ್ ಸೀರೆ ಒಮ್ಮೆ ಬಿಚ್ಚಿದರೆ ಮತ್ತೆ ನೆರಿಗೆ ಕೂರುವುದಿಲ್ಲ. ಕಡೆಗೆ ಸೀರೆ ಹೇಗಾದರೂ ಇರಲಿ, ಲಂಗ ಮಾತ್ರ ಹೊಸದಿರಲಿ ಎಂಬ ತೀರ್ಮಾನಕ್ಕೆ ಬರುತ್ತೇನೆ. ಆಮೇಲೆ ಕಾಲುಂಗುರದ ಸಂದಿಯ ಕೊಳೆಯನ್ನು ಹಳೆಯ ಬ್ರಷ್ಷಿನಿಂದ ಉಜ್ಜಿ, ಹಿಮ್ಮಡಿಯ ಬಿರುಕಿಗೆ ಕೊಬ್ಬರಿ ಎಣ್ಣೆ ಸವರುತ್ತೇನೆ. ನಗಬೇಡಿ. ಇವು ವೈದ್ಯಶಾಸ್ತ್ರಕ್ಕೆ ಸಂಬಂಧಪಟ್ಟವಲ್ಲವೆಂದು ನನಗೂ ಗೊತ್ತು; ಆದರೆ ಆ ಎತ್ತರದ ಮಂಚದ ಮೇಲೆ ಮಲಗಿದವಳಿಗೆ ಡಾಕ್ಟರಮ್ಮನ ಮುಂದೆ ತನ್ನ ಪಾದಗಳ ಬಗ್ಗೆ ಎಷ್ಟು ನಾಚಿಕೆಯಾಗುತ್ತದೆಂಬುದು ಮಲಗಿದವಳಿಗೇ ಗೊತ್ತು.

ಈ ಸಲದ ತಯಾರಿಯಲ್ಲಿ ಒಂದು ಒಳಗುಟ್ಟೂ ಇತ್ತು. ನನಗಿಂತ ಮೊದಲು ತಪಾಸಣೆ ಆಗಬೇಕಾಗಿದ್ದದ್ದು ನಮ್ಮ ಅತ್ತೆಗೆ. ಅವರಿಗೆ ಮುಟ್ಟು ನಿಂತು ಎಷ್ಟೋ ಕಾಲವಾಗಿದೆ. ಅಂಥವರು ಅದರ ಹಿಂದಿನ ವಾರ ಒಂದು ಮುಂಜಾನೆ, ವಾಷಿಂಗ್ ಮಷೀನ್ ಇರುವ ಮನೆಯಲ್ಲಿ, ಹಿತ್ತಿಲ ಒಗೆಯುವ ಕಲ್ಲಿನ ಬಳಿ ಕೂತು ತಮ್ಮ ಬಿಳಿ ಲಂಗವನ್ನು ತಿಕ್ಕುತ್ತಿದ್ದರು. ಏನೆಂದು ಕೇಳಿದೆ.

"ಎಳ್ನೀರ್ ಕರೆ ಕಣವ್ವ. ನಿನ್ನೆ ತೋಟದಾಗೆ ಮೆತ್ಕಂತು."

ನೊಣವಿನಕೆರೆಯ ಸೀಮೆಯಲ್ಲೇ ಹುಟ್ಟಿ ಬೆಳೆದು ಸೊಸೆಯಾದವಳಿಗೆ ಹೇಳುವ ಸುಳ್ಳೇ ಇದು? ಎಳನೀರಿನ ಕರೆ ಬಟ್ಟೆಗೆ ಹತ್ತಿತೆಂದರೆ ಆ ಬಟ್ಟೆ ಹರಿದು ಒಲೆ ಒರಸುವ ಅರಿವೆಯಾದರೂ ಕರೆ ಹೋಗುವುದಿಲ್ಲ. ಅತ್ತೆಯ ಲಂಗವಾದರೋ ಮಧ್ಯಾಹ್ನದ ಹೊತ್ತಿಗೆ ಹಗ್ಗದ ಮೇಲೆ ಬೆಳ್ಳಗೆ ತೂಗಾಡುತ್ತಿತ್ತು. ಹಾಗೆ ತಿಕ್ಕಿದರೆ ಹೋಗುವ ಕಲೆ ರಕ್ತದ್ದೇ ಇರಬೇಕು. ಮುಟ್ಟು ನಿಂತವರಿಗೆ ಮತ್ತೆ ರಕ್ತ ಕಾಣಿಸಿಕೊಂಡರೆ ತಡಮಾಡದೆ ತೋರಿಸಬೇಕೆಂದು ಡಾಕ್ಟರಮ್ಮ ಒಮ್ಮೆ ಹೇಳಿದ್ದು ನೆನಪಿತ್ತು.

ಸುತ್ತಿ ಬಳಸಿ ಹೇಳಿ ನೋಡಿದೆ. ನನ್ನ ಜೊತೆಗೆ ನಿಮ್ಮದೂ ಒಂದು ತಪಾಸಣೆ ಆಗಿಬಿಡಲಿ ಅತ್ತೆ ಎಂದೆ. "ನಾಕು ಹೆತ್ತೋಳ್ಗೆ ಯಾತರ ತಪಾಸ್ಣೆ, ಬುಡು. ಒಳಗೇನೈತೆ ಅಂತ ನಂಗ್ ಗೊತ್ತಿಲ್ವಾ?" ಎಂದು ಎದ್ದು ಹೋದರು. ನಮ್ಮ ಜನದ ವಿಚಿತ್ರ ನೋಡಿ. ತೋಟದ ಒಂದು ತೆಂಗಿನ ಮರದ ಕಾಂಡದಲ್ಲಿ ಕಂದು ರಸ ಸೋರಿದರೆ ಇದೇ ಅತ್ತೆ ಊಟ ಬಿಟ್ಟು ಮಗನನ್ನು ಕೃಷಿ ಇಲಾಖೆಗೆ ಓಡಿಸುತ್ತಾರೆ. ಸುಳಿಗೆ ದುಂಬಿ ಬಿದ್ದಿದೆಯೆಂದು ಅನುಮಾನ ಬಂದರೆ ಮರ ಹತ್ತುವವನನ್ನು ಕರೆಸಿ, ಕೆಳಗೆ ನಿಂತು ಅವನ ಮೇಲೇ ಅಧಿಕಾರ ಚಲಾಯಿಸುತ್ತಾರೆ. ಮರಕ್ಕೆ ಬಾಯಿಲ್ಲ, ನಾವೇ ನೋಡಬೇಕು ಅನ್ನುತ್ತಾರೆ. ಬಾಯಿರುವ ತಮ್ಮ ದೇಹದ ವಿಷಯಕ್ಕೆ ಬಂದಾಗ ಮಾತ್ರ ಆ ಬಾಯನ್ನು ಮುಚ್ಚಿಕೊಂಡು ಕೂರುತ್ತಾರೆ. ಕೋಪ ಬಂದಿತ್ತು ನನಗೆ. ಭಯವೂ ಆಗಿತ್ತು, ಭಯವೇ ಹೆಚ್ಚು.

ಹಾಗಾಗಿ ವರಸೆ ಬದಲಿಸಿದೆ. "ಅತ್ತೆ, ಈ ಸಲ ಒಬ್ಬಳೇ ಹೋಗೋಕೆ ಯಾಕೋ ಧೈರ್ಯ ಬರ್ತಿಲ್ಲ. ನೀವು ಸುಮ್ನೆ ಜೊತೆಗೆ ಬನ್ನಿ, ಹೊರಗಡೆ ಕೂತಿರಿ" ಎಂದೆ. ಇನ್ನೊಬ್ಬರಿಗೆ ಧೈರ್ಯ ತುಂಬುವುದೆಂದರೆ ಅತ್ತೆಗೆ ಹಬ್ಬ. ಅಂದಿನಿಂದ ತಯಾರಿಯ ಸಾರಥ್ಯ ಅವರದಾಯಿತು. ನನಗೆ ಎಣ್ಣೆ ನೀರು ಎರೆದರು, ಲಂಗದ ಲಾಡಿ ಗಂಟು ಬೀಳದಂಥದೇ ಎಂದು ಎಳೆದು ನೋಡಿದರು. ನಡುನಡುವೆ ಪ್ರಶ್ನೆಗಳು. ಮಲಗಿಸಿ ಏನು ಮಾಡುತ್ತಾರೆ? ನೋಯುತ್ತದೆಯೇ? ಮೇಲೆ ಬಟ್ಟೆ ಹೊದಿಸುತ್ತಾರೋ ಇಲ್ಲವೋ? ಗಂಡಸರು ಯಾರೂ ಒಳಗೆ ಬರುವುದಿಲ್ಲ ತಾನೇ? ಮಕ್ಕಳಿಗೆ ಪಾಠ ಮಾಡುವ ನಾನು ಅಷ್ಟು ತಾಳ್ಮೆಯಿಂದ ಯಾವ ತರಗತಿಯಲ್ಲೂ ಉತ್ತರ ಹೇಳಿರಲಾರೆ. ಎಲ್ಲವನ್ನೂ ಕೇಳಿ ಅತ್ತೆ "ಅಷ್ಟೇನಾ!" ಎಂದು ಸೊಪ್ಪು ಬಿಡಿಸುವುದಕ್ಕೆ ಕೂತರು.

ಸ್ಕ್ಯಾನಿಂಗ್ ಇದೆ, ನೀರು ಚೆನ್ನಾಗಿ ಕುಡಿದು ಬನ್ನಿ, ಬಂದು ಸ್ಕ್ಯಾನ್ ಮುಗಿಯುವವರೆಗೂ ಮೂತ್ರಕ್ಕೆ ಹೋಗಬೇಡಿ ಎಂದು ಆಸ್ಪತ್ರೆಯ ಸಿಸ್ಟರ್ ಫೋನಿನಲ್ಲಿ ಹೇಳಿದ್ದರು. ಸುಲಭದ ಮಾತು. ನಮ್ಮೂರಿನಿಂದ ತಿಪಟೂರಿಗೆ ಬಸ್ಸಿನಲ್ಲಿ ಹೋಗಿರುವವರಿಗೆ ಅದು ಎಷ್ಟು ದೊಡ್ಡ ವ್ರತವೆಂದು ಅರ್ಥವಾದೀತು. ಶಾಲೆಗೆ ರಜೆ ಹಾಕಿ, ಬೆಳಿಗ್ಗೆ ಅತ್ತೆ ಕೊಟ್ಟ ಲೋಟ ಲೋಟ ನೀರನ್ನೂ ಕುಡಿದು ಬಸ್ಸು ಹತ್ತಿದೆ. ರಸ್ತೆಯ ಪ್ರತಿ ಉಬ್ಬಿಗೂ ನಾನು ಮನೆದೇವರನ್ನು ನೆನೆದೆ. ಯಾವಾಗಲೂ ಕಂಡಕ್ಟರನ ಕುಲಗೋತ್ರ ವಿಚಾರಿಸುವ ಅತ್ತೆ ಅಂದು ಮುಂದಿನ ಸೀಟಿನ ಕಂಬಿ ಹಿಡಿದು, ತುಟಿ ಬಿಗಿದು, ಕಿಟಕಿಯಾಚೆ ನೋಡುತ್ತಿದ್ದರು. ಕರೆತಂದು ತಪ್ಪು ಮಾಡಿದೆನೇನೋ, ಪಾಪ ಹೆದರಿದ್ದಾರೆ ಅನ್ನಿಸಿತು.

ಆಸ್ಪತ್ರೆಯ ಹಜಾರದಲ್ಲಿ ನಮ್ಮಂತೆಯೇ ಬಿಗಿದುಕೊಂಡು ಕೂತ ಹೆಂಗಸರು. "ಅತ್ತೆ, ಅಗೋ ಅಲ್ಲಿ ಬಾತ್‌ರೂಮಿದೆ, ನೀವಾದರೂ ಹೋಗಿಬನ್ನಿ" ಎಂದೆ. ಬೇಡವೆಂದು ತಲೆಯಾಡಿಸಿದರು. ಮತ್ತೊಮ್ಮೆ ಹೇಳಿದೆ. ದುರುಗುಟ್ಟಿಕೊಂಡು ನೋಡಿದರು. ಅಷ್ಟರಲ್ಲಿ ಸಿಸ್ಟರ್ ಬಂದು ನನ್ನ ಹೆಸರು ಕೂಗಿದರು. ಎದ್ದು ನಿಂತದ್ದು ನಾನಲ್ಲ, ಅತ್ತೆ.

"ಮೊದ್ಲು ನನ್ನ ನೋಡ್ಬುಡ್ರವ್ವ. ನಾನೂ ನೀರ್ ಕುಡ್ದು ಬೆಳಗ್ನಿಂದ ತಡ್ಕಂಡಿವ್ನಿ. ಇವ್ಳು ಚಿಕ್ಕೋಳು, ತಡೀತಾಳೆ. ನನ್ ಕೈಲಿ ಇನ್ನಾಗಕಿಲ್ಲ!"

ಹಜಾರವೆಲ್ಲ ನಕ್ಕಿತು. ನನಗೆ ಮಾತ್ರ ಕಣ್ಣು ಮಂಜಾಯಿತು. ಅಂದರೆ ನನಗೆ ಕೊಟ್ಟ ಒಂದೊಂದು ಲೋಟಕ್ಕೂ ಅಡುಗೆಮನೆಯಲ್ಲಿ ಅವರೂ ಒಂದೊಂದು ಕುಡಿದಿದ್ದರು. ಆ ಪ್ರಶ್ನೆಗಳನ್ನೆಲ್ಲ ಕೇಳಿದ್ದು ತಮಗಾಗಿ. ಸ್ಕ್ಯಾನ್ ಮುಗಿಸಿ ಅತ್ತೆ ಡಾಕ್ಟರಮ್ಮನ ಕೋಣೆಗೆ ಹೋದ ಮೇಲೆ, ಪರದೆಯ ಆಚೆಯಿಂದ ಅವರ ದನಿ ತೋಟದ ಆ ತುದಿಯಲ್ಲಿರುವವರನ್ನು ಕರೆಯುವಷ್ಟೇ ಜೋರಾಗಿ ಕೇಳಿಸಿತು: "ಯುಗಾದಿಯಿಂದೀಚೆಗೆ ಒಂದೊಂದ್ಸಲ ಕಾಣಿಸ್ಕಂತೈತೆ. ಸೊಸೆಗೆ ಹೇಳಿಲ್ಲ. ಹೆದ್ರಿಕಂತಾಳೆ ಅಂತ ಬುಟ್ಟೆ."

ಅವರು ನನಗೆ ಭಯವಾದೀತೆಂದು ಮುಚ್ಚಿಟ್ಟದ್ದು, ನಾನು ಅವರಿಗೆ ನಾಚಿಕೆಯಾದೀತೆಂದು ತಿಳಿದೂ ಸುಮ್ಮನಿದ್ದದ್ದು. ಒಂದೇ ಸೂರಿನ ಕೆಳಗೆ ಒಬ್ಬರನ್ನೊಬ್ಬರು ಎಷ್ಟು ಪ್ರೀತಿಯಿಂದ ಅಪಾಯಕ್ಕೆ ದೂಡುತ್ತಿದ್ದೆವು! ಅತ್ತಿದ್ದೂ ನಕ್ಕಿದ್ದೂ ಸೇರಿ ನನ್ನ ಬಿಗಿಯೆಲ್ಲ ಸಡಿಲವಾಗಿ, ಯಾವ ಮಾಯದಲ್ಲೋ ಎದ್ದು ಬಾತ್‌ರೂಮಿಗೆ ಹೋಗಿಬಂದುಬಿಟ್ಟೆ. ವರ್ಷ ವರ್ಷವೂ ತಯಾರಾಗಿ ಬರುವ ಮೇಡಮ್ಮಿಗೆ ಸಿಸ್ಟರ್ ಕೈಯಲ್ಲಿ ಸರಿಯಾಗಿ ಬೈಗುಳ ಬಿತ್ತು. ಮತ್ತೆ ನೀರು ಕುಡಿದು ಬನ್ನಿ ಎಂದು ಅಟ್ಟಿದರು.

ಅತ್ತೆಯ ಗರ್ಭಕೋಶದೊಳಗೆ ಒಂದು ಸಣ್ಣ ಮಾಂಸದ ಕುಡಿ ಬೆಳೆದಿತ್ತು. ಮುಂದೆ ಅದನ್ನು ತೆಗೆಸಿಯೂ ಆಯಿತು, ಪರೀಕ್ಷೆಯಲ್ಲಿ ಕೆಟ್ಟದ್ದೇನೂ ಇಲ್ಲವೆಂದೂ ತಿಳಿಯಿತು. ಆದರೆ ಅಂದು ಅದಾವುದೂ ಗೊತ್ತಿರಲಿಲ್ಲ. ತಡಮಾಡದೆ ಬಂದದ್ದು ಒಳ್ಳೆಯದಾಯಿತೆಂದು ಡಾಕ್ಟರಮ್ಮ ಹೇಳಿದ್ದಷ್ಟೇ ಗೊತ್ತಿತ್ತು. ಅತ್ತೆ ಹಗುರವಾಗಿ ಹೊರಗೆ ಬಂದು, ನನ್ನ ಅವಾಂತರ ಕೇಳಿ ಹಣೆ ಚಚ್ಚಿಕೊಂಡು, ಕೈಹಿಡಿದು ರಸ್ತೆಗೆ ಎಳೆದುಕೊಂಡು ಹೋದರು. ತೋಟವಿರುವ ನಮ್ಮ ಕಡೆಯವರು ದುಡ್ಡು ಕೊಟ್ಟು ಎಳನೀರು ಕುಡಿಯುವುದಿಲ್ಲ, ಅದು ಅವಮಾನ. ಅತ್ತೆ ಜೀವಮಾನದಲ್ಲೇ ಮೊದಲ ಸಲ ಎಳನೀರಿನ ಗಾಡಿಯ ಮುಂದೆ ನಿಂತು, ಸೆರಗಿನ ಗಂಟು ಬಿಚ್ಚಿದರು. ನಾನು ಕುಡಿಯುವುದನ್ನೇ ನೋಡುತ್ತಿದ್ದವರು ಮೆಲ್ಲಗೆ ಕೇಳಿದರು.

"ನಿಂಗೆ ಮೊದ್ಲೇ ಗೊತ್ತಿತ್ತೇನೇ?"

"ಗೊತ್ತಿತ್ತು ಅತ್ತೆ."

"ಮತ್ಯಾಕೆ ನೆಟ್ಟಗೆ ಕೇಳ್ನಿಲ್ಲ?"

"ಕೇಳಿದ್ರೆ ಹೇಳ್ತಿದ್ರಾ?"

ಅತ್ತೆ ನಿಜವಾಗಿಯೂ ಯೋಚನೆ ಮಾಡಿದರು. "ಇಲ್ಲ," ಎಂದರು. ಆಮೇಲೆ ಗಾಡಿಯವನ ಕಡೆ ತಿರುಗಿ, "ಇನ್ನೊಂದು ಕೊಚ್ಚಪ್ಪ. ಈ ಸಲ ಇವಳ ಜೊತೆಗೆ ಒಳಕ್ಕೆ ನಾನೂ ಹೋಗ್ತೀನಿ."