ಅತ್ತೆ ಅರಿಶಿನ ಹಚ್ಚಿದ ಗಾಜಿನ ಕೊಳವೆಗಳು

ನನ್ನ ಸೋದರತ್ತೆಗೆ ಕಾಮಾಲೆ ಬಂದಿದೆಯೋ ಇಲ್ಲವೋ ಎಂದು ಮುಖ ನೋಡಿ ಹೇಳಬಲ್ಲ ಡಾಕ್ಟರು ಇಡೀ ಚಿತ್ರದುರ್ಗದಲ್ಲಿ ಇರಲಿಲ್ಲ. ಅವಳು ಬಳಿದುಕೊಳ್ಳುತ್ತಿದ್ದ ಅರಿಶಿನ ಅಷ್ಟು. ಕೆನ್ನೆ, ಕುತ್ತಿಗೆ, ಕೈ, ಪಾದ, ಉಗುರಿನ ಸಂದಿ ಎಲ್ಲ ಹಳದಿ.

ಎಪ್ಪತ್ತರ ದಶಕದ ನಡುವಿನ ಮಾತು. ನಾನಾಗ ಅಲ್ಲಿನ ಒಬ್ಬ ಡಾಕ್ಟರ ಖಾಸಗಿ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ರಕ್ತಪರೀಕ್ಷೆ ಮಾಡುತ್ತಿದ್ದೆ. ಹಿಂದಿನ ವರ್ಷವಷ್ಟೇ ಅತ್ತೆಯ ಪಿತ್ತಕೋಶವನ್ನು ಕಲ್ಲುಗಳ ಸಮೇತ ತೆಗೆದುಹಾಕಿದ್ದರು. ಆ ಕಲ್ಲುಗಳನ್ನು ಸೀಸೆಯಲ್ಲಿಟ್ಟುಕೊಂಡು ತನ್ನೂರು ಶ್ರೀರಾಂಪುರಕ್ಕೆಲ್ಲ ತೋರಿಸಿ ಮುಗಿಸುವಷ್ಟರಲ್ಲಿ ಮತ್ತೆ ಅದೇ ಜಾಗದಲ್ಲಿ ನೋವು. ಬಸ್ಸು ಹತ್ತಿ ನನ್ನಲ್ಲಿಗೆ ಬಂದಳು.

ಡಾಕ್ಟರು ಅವಳ ರೆಪ್ಪೆ ಅಗಲಿಸಿ ನೋಡಿ, "ಪಿತ್ತನಾಳದಲ್ಲಿ ಒಂದು ಕಲ್ಲು ಉಳಿದಿರಬಹುದು. ರಕ್ತಪರೀಕ್ಷೆ ಮಾಡೋಣ. ಹೆಚ್ಚುಕಮ್ಮಿ ಇದ್ರೆ ಮತ್ತೆ ಆಪರೇಷನ್ನೇ," ಎಂದರು.

"ಚೀಲನೇ ಕಿತ್ತಾಕಿದ್ರಲ್ಲೋ, ಕಲ್ಲು ಎಲ್ಲಿ ಕುಂತಿರುತ್ತೆ?" ಎಂದು ಅತ್ತೆ ನನ್ನ ಕೋಣೆಗೆ ಬಂದು ಜಗಳಕ್ಕೆ ನಿಂತಳು.

"ಪಿತ್ತ ಕರುಳಿಗೆ ಹೋಗೋ ದಾರಿ ಇನ್ನೂ ಐತಲ್ಲತ್ತೆ, ಅದ್ರಾಗೆ."

ಆಮೇಲೆ ದನಿ ತಗ್ಗಿಸಿದಳು. "ನೀನೇ ನೋಡಾದಾದ್ರೆ ಚೆನ್ನಾಗೈತೆ ಅಂತ ಬರ್ದುಬಿಡಪ್ಪ. ಇನ್ನೊಂದ್ಸಲ ಹೊಟ್ಟೆ ಕೊಯ್ಸಿಕೊಳ್ಳೋ ಶಕ್ತಿ ನಂಗಿಲ್ಲ."

ನನಗೆ ರೇಗಿತು. ಸುಳ್ಳು ಬರೆಯಲಿಕ್ಕೆ ನಾನೇ ಬೇಕಿತ್ತೇ ಎಂದು ಕೂಗಾಡಿದೆ. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳು. ಸೂಜಿ ಚುಚ್ಚಿದರೆ ಮೊದಲ ಸಲ ನರ ಸಿಗಲಿಲ್ಲ, ಅದಕ್ಕೂ ಅವಳ ಮೇಲೆಯೇ ರೇಗಿದೆ.

ರಕ್ತ ಹೆಪ್ಪುಗಟ್ಟಿ ಮೇಲೆ ತಿಳಿ ನಿಲ್ಲುವವರೆಗೆ ಕಾಫಿ ಕುಡಿದು ಬರೋಣವೆಂದು ಹೊರಟೆ. ತೊಳೆದಿಟ್ಟ ಗಾಜಿನ ಕೊಳವೆಗಳ ಕಾವಲಿಗೆ ಅತ್ತೆಯನ್ನು ಕೂರಿಸಿ ಹೋದದ್ದು ನನ್ನ ಬುದ್ಧಿವಂತಿಕೆ.

ಪಿತ್ತನಾಳ ಕಟ್ಟಿಕೊಂಡಿದ್ದರೆ ರಕ್ತದಲ್ಲಿ ಒಂದು ಅಂಶ ಹೆಚ್ಚುತ್ತದೆ. ಅದು ಹೆಚ್ಚಿದಷ್ಟೂ ಪರೀಕ್ಷೆಯ ಕೊನೆಯಲ್ಲಿ ಕೊಳವೆ ಕೆಂಪಾಗುತ್ತದೆ. ಕೊನೆ ಮುಟ್ಟಲು ಅರ್ಧ ಗಂಟೆಯಾದರೂ ಬೇಕು. ಅವತ್ತು ಮೊದಲ ಔಷಧಿ ಸುರಿದು ರಕ್ತದ ತಿಳಿ ಬಿಟ್ಟು ಅಲುಗಿಸಿದ್ದೇ ತಡ, ಕೆಂಪು! ಇಷ್ಟು ಬೇಗ ಕೆಂಪಾಗಬೇಕಾದರೆ ಕಲ್ಲು ಕೋಳಿಮೊಟ್ಟೆಯಷ್ಟಾದರೂ ಇರಬೇಕು ಎಂದುಕೊಂಡೆ. ಸ್ಟೂಲಿನ ಮೇಲೆ ಕುಳಿತು, ಇಪ್ಪತ್ತೆಂಟು ವರ್ಷದ ಗಂಡಸು, ಗೊಳೋ ಎಂದು ಅತ್ತುಬಿಟ್ಟೆ.

ರೋಗಿಯೇ ಎದ್ದು ಬಂದು ನನ್ನ ತಲೆ ಸವರಿದಳು. ಆಮೇಲೆ ಕೊಳವೆಗಳ ಕಡೆ ಬಗ್ಗಿ, "ಪಕ್ಕದ್ದೂ ಕೆಂಪಾಗೈತಲ್ಲೋ. ಅದು ಯಾರ ರಕ್ತ?" ಎಂದಳು.

"ಯಾರದ್ದೂ ಅಲ್ಲ. ಅದ್ರಲ್ಲಿ ರಕ್ತನೇ ಹಾಕಿಲ್ಲ, ಬಣ್ಣ ಹೋಲಿಸಾಕೆ ಇಟ್ಟಿರಾದು," ಎಂದವನು ಅಳು ನಿಲ್ಲಿಸಿದೆ.

"ಲೇ, ಇದು ಆರತಿ ನೀರು ಕಣೋ!" ಎಂದಳು ಅತ್ತೆ.

ಅವಳ ಸೆರಗಿನ ಗಂಟಿನಿಂದ ಅರಿಶಿನದ ಪೊಟ್ಟಣ ಹೊರಬಂತು. ನಾನು ಸುಳ್ಳು ಬರೆಯಲು ಒಪ್ಪದ್ದರಿಂದ ಅವಳು ನೇರ ಕೊಳವೆಗಳಿಗೇ ಮೊರೆ ಹೋಗಿದ್ದಳು. ಒಂದೊಂದರ ಬಾಯೊಳಗೂ ಬೆರಳು ತೂರಿಸಿ ತೆಳ್ಳಗೆ ಅರಿಶಿನ ಹಚ್ಚಿ, ಕೈಮುಗಿದು ಕೂತಿದ್ದಳಂತೆ. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುವುದು ಆರತಿ ಎತ್ತುವ ಯಾವ ಹೆಂಗಸಿಗೂ ಗೊತ್ತು. ನನ್ನ ಔಷಧಿಯೂ ಸುಣ್ಣದ ಹಾಗೆ ಕ್ಷಾರದ್ದೇ. ಕಾಲೇಜು ಓದಿದ ನನಗೆ ಮಾತ್ರ ಹೊಳೆಯಲಿಲ್ಲ.

ಬೇರೆ ಕೊಳವೆಗಳನ್ನು ತೊಳೆದು, ಅತ್ತೆಯನ್ನು ಹೊರಗೆ ಹಾಕಿ ಬಾಗಿಲಿಗೆ ಚಿಲಕ ಜಡಿದು, ಮಿಕ್ಕ ತಿಳಿಯಿಂದ ಎಲ್ಲ ಮೊದಲಿಂದ ಮಾಡಿದೆ. ಕೊನೆಗೆ ಬಂದದ್ದು ತೆಳು ಬಣ್ಣ, ಆರೋಗ್ಯವಂತರಿಗೆ ಬರುವಷ್ಟೇ. ಕಾಮಾಲೆಯ ಪರೀಕ್ಷೆಯಲ್ಲೂ ಏನಿಲ್ಲ. ನಂಬಿಕೆ ಬಾರದೆ ಮತ್ತೊಮ್ಮೆ ಮಾಡಿದೆ.

ಡಾಕ್ಟರು ಚೀಟಿ ಓದಿ, "ಕಲ್ಲು ಇರೋ ಹಾಗೆ ಕಾಣಲ್ಲ. ಸದ್ಯಕ್ಕೆ ಆಪರೇಷನ್ ಬೇಡ, ಕರಿದದ್ದು ಬಿಡಿ," ಎಂದರು. ನನ್ನ ಊದಿದ ಕಣ್ಣು ನೋಡಿ, ಸಂಬಂಧ ತಿಳಿದಿದ್ದರಿಂದ ಅನುಮಾನ ಬಂದಿರಬೇಕು. "ಸರಿಯಾಗಿ ನೋಡಿ ಬರೆದಿದ್ದೀಯೇನಯ್ಯಾ?" ಎಂದು ಕೇಳಿದರು.

ಉತ್ತರ ಹೇಳಿದ್ದು ಅತ್ತೆ. "ನಿಜನೇ ಬರ್ದವ್ನೆ ಸಾರ್. ಸುಳ್ಳು ಬರೆಯೋನಾಗಿದ್ರೆ ಹಂಗೆ ಯಾಕೆ ಅಳ್ತಿದ್ದ?"