ಎಡಗೈ ಪಿಚರ್ ಮತ್ತು ನನಗೆ ಬಾರದ ಕನ್ನಡ

ವೀಣಾ ಆಂಟಿ, ನನಗೆ ಕನ್ನಡ ಬರುತ್ತದೆ.

ನೀವು ಓದುತ್ತಿರುವುದೇ ಕನ್ನಡವಾದ್ದರಿಂದ ಇಷ್ಟು ಹೊತ್ತಿಗೆ ಗೊತ್ತಾಗಿರಬೇಕು. ಆದರೂ ಮೊದಲು ಇದನ್ನೇ ಹೇಳಬೇಕಾಗಿದೆ — ಉಳಿದದ್ದೆಲ್ಲ ಇದರಿಂದಲೇ ಹುಟ್ಟಿದ್ದು. ಎರಡು ವರ್ಷದ ಹಿಂದೆ ಆಸ್ಟಿನ್ ದಾರಿಯಲ್ಲಿ, ನಿಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ ನನಗೆ, ನೀವೂ ಗಿರೀಶ್ ಅಂಕಲ್ಲೂ ಫೋನಿನಲ್ಲಿ ಆಡಿದ ಒಂದೊಂದು ಮಾತೂ ಅರ್ಥವಾಗಿತ್ತು. ಆ ಬೇಸ್‌ಬಾಲ್ ಪಿಚರ್‌ನ ಮೊಳಕೈ ಸುದ್ದಿ ಊರಿಗೆಲ್ಲ ಹಬ್ಬಿಸಿದವನು ನಾನು. ಗಿರೀಶ್ ಅಂಕಲ್ ಅಲ್ಲ. ನೀವೂ ಅಲ್ಲ.

ಇದನ್ನು ನಿಮ್ಮಿಬ್ಬರಿಗೂ ಕಳಿಸುತ್ತಿದ್ದೇನೆ. ನಿಮಗೆ ಗೊತ್ತಿರುವುದು ಅವರಿಗೆ ಗೊತ್ತಿಲ್ಲ, ನನಗೆ ಗೊತ್ತಿರುವುದು ಇಬ್ಬರಿಗೂ ಗೊತ್ತಿಲ್ಲ. ಹಾಗಾಗಿ ಎಲ್ಲವನ್ನೂ ಬಿಡಿಸಿ ಬರೆಯುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ — ಅಂದರೆ, ಓದುವುದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ನನ್ನ ಮೇಲೆ ಎಷ್ಟು ಬೇಕಾದರೂ ಮಾಡಿಕೊಳ್ಳಿ.

ಕನ್ನಡ ಬರುವುದಿಲ್ಲ ಅನ್ನುವುದು ನನ್ನ ಜೀವನದ ಅತಿ ದೊಡ್ಡ ನಾಟಕ. ಅಜ್ಜಿ ಮೈಸೂರಿನಿಂದ ಬಂದು ಡಾಲಸ್ ಹತ್ತಿರದ ನಮ್ಮ ಮೆಕಿನ್ನಿ ಮನೆಯಲ್ಲಿದ್ದಾಗ ನನಗೆ ಓದು ಬರಹ ಎರಡೂ ಕಲಿಸಿಬಿಟ್ಟಿದ್ದಳು. ಅವಳು ವಾಪಸ್ ಹೋದ ಮೇಲೆ ಒಂದು ದಿನ ಅಮ್ಮ, "ಆ ಪಾತ್ರೆ ಎಲ್ಲ ತೊಳ್ದಿಡೋ" ಅಂದಳು. ನಾನು ಹೋಗಿ ಒಂದು ಲೋಟ ನೀರು ತಂದುಕೊಟ್ಟೆ. ಅಮ್ಮ ತಲೆ ಚಚ್ಚಿಕೊಂಡು ತಾನೇ ತೊಳೆದಳು. ಆ ಕ್ಷಣ ನನಗೆ ಜ್ಞಾನೋದಯವಾಯಿತು. ಅಂದಿನಿಂದ ಶನಿವಾರದ ಕನ್ನಡ ತರಗತಿಯಲ್ಲಿ ನಾಲ್ಕು ವರ್ಷದ ಮಕ್ಕಳ ಪಕ್ಕದಲ್ಲಿ ಮಂಡಿ ಮಡಚಿ ಕೂತು 'ಅ'ಗೆ ಬಣ್ಣ ತುಂಬಿದೆ. ಗೆರೆಯಿಂದ ಹೊರಗೆ ಬೇಕಂತಲೇ ತುಂಬಿದೆ. ಟೀಚರ್ ಅಮ್ಮನಿಗೆ, "ಇವನಿಗೆ ಸ್ವಲ್ಪ ನಿಧಾನ, ಆದ್ರೆ ತುಂಬಾ ಶ್ರದ್ಧೆ" ಅಂದರು.

ಲಾಭ ಕೇಳಬೇಡಿ. ದೊಡ್ಡವರೆಲ್ಲ ನನ್ನನ್ನು ಸೋಫಾದ ದಿಂಬಿನ ಹಾಗೆ ಪಕ್ಕಕ್ಕೆ ಇಟ್ಟುಕೊಂಡು ಗುಟ್ಟು ಮಾತಾಡುತ್ತಿದ್ದರು. ಯಾವ ಅಂಕಲ್ ಕೆಲಸ ಕಳೆದುಕೊಂಡದ್ದು ಆಂಟಿಗೆ ಇನ್ನೂ ಹೇಳಿಲ್ಲ, ಯಾರ ಮನೆಯ ಬಿಸಿಬೇಳೆಬಾತು ಪ್ಯಾಕೆಟ್ಟಿನದು — ಸಕಲವೂ ನನಗೆ ಗೊತ್ತು. ನಾಟಕ ಗೊತ್ತಿದ್ದವಳು ಅಜ್ಜಿ ಒಬ್ಬಳೇ. ವಿಡಿಯೋ ಕಾಲ್‌ನಲ್ಲಿ ಬಾಗಿಲು ಹಾಕಿಕೊಂಡು ಎಲ್ಲ ವರದಿ ಮಾಡುತ್ತಿದ್ದೆ. ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳ ನಗುವಿಗಾಗಿ ನಾನು ಒಂದಕ್ಕೆ ಹತ್ತು ಸೇರಿಸುತ್ತಿದ್ದೆ. ಆ ಚಟ... ಅದೇ ನನ್ನನ್ನು ತಿಂದದ್ದು. ಇಲ್ಲ, ತಪ್ಪು ಬರೆದೆ. ನಿಮ್ಮನ್ನು ತಿಂದದ್ದು.

ಆ ಜುಲೈ. ವರ್ಷಾ ವರ್ಷಾ ಜುಲೈ ಕೊನೆಯೊಳಗೆ ಬೇಸ್‌ಬಾಲ್ ಟೀಮುಗಳು ತಮ್ಮ ಆಟಗಾರರನ್ನು ಅದಲು ಬದಲು, ಅಂದರೆ ಟ್ರೇಡ್, ಮಾಡಿಕೊಳ್ಳಬಹುದು; ಆ ಗಡುವು ದಾಟಿದರೆ ಆಗುವುದಿಲ್ಲ. ಗಡುವಿಗೆ ಮುಂಚಿನ ವಾರಗಳಲ್ಲಿ ಗಾಳಿಸುದ್ದಿಯೋ ಗಾಳಿಸುದ್ದಿ. ಎಲ್ಲ ಥೇಟ್ ಮದುವೆ ಮಾತುಕತೆ. ಟೀಮು ಟೀಮು ಒಪ್ಪಿದರೂ ಜಾತಕ ಕೂಡಬೇಕು — ಅಂದರೆ ಡಾಕ್ಟರುಗಳು ಆಟಗಾರನ ಮೈಕೈ ನೋಡಿ ಹೂಂ ಅನ್ನಬೇಕು. ಆ ವರ್ಷದ ಗಾಳಿಸುದ್ದಿಯೆಲ್ಲ ನಮ್ಮ ಡಾಲಸ್ ಕಡೆಯ ಎಡಗೈ ಪಿಚರ್‌ನದು. ಹೆಸರು ಬರೆಯುವುದಿಲ್ಲ, ಒಮ್ಮೆ ಹೇಳಿ ಆದದ್ದು ಸಾಕು. ಅವನು ಚೆಂಡು ಎಸೆದರೆ ಬ್ಯಾಟ್ ಹಿಡಿದವನು ಗಾಳಿಗೆ ಬೀಸಣಿಗೆ ಬೀಸಿದ ಹಾಗೆ ಬೀಸಿ ಮನೆಗೆ ಹೋಗುತ್ತಿದ್ದ. ಅಂಥವನನ್ನು ನಮ್ಮ ಬದ್ಧ ಎದುರಾಳಿ ಹೂಸ್ಟನ್‌ನವರು ಕೇಳುತ್ತಿದ್ದಾರೆ! ಬೇರೆ ಯಾರಾದರೂ ಕೇಳಿದ್ದರೆ ಸಹಿಸಬಹುದಿತ್ತು. ನನ್ನ ಬೇಸಿಗೆ ಟೀಮಿನ ಹುಡುಗರು ಊಟ ಬಿಡುವುದೊಂದು ಬಾಕಿ.

ಅಮ್ಮನಿಗೆ ಪ್ಲೇನೋ ಆಫೀಸಿನಿಂದ ರಜೆ ಸಿಗಲಿಲ್ಲ. ನಮ್ಮ ಟೂರ್ನಮೆಂಟ್ ಆಸ್ಟಿನ್‌ನಲ್ಲಿ. ನಿಮ್ಮ ಯಜಮಾನರ ಕೆಲಸ ಅಲ್ಲೇ ಡೊಮೇನ್ ಬಡಾವಣೆಯಲ್ಲಿ, ನೀವು ವಾರದ ಕೊನೆಗೆ ಲಿಟಲ್ ಎಲ್ಮ್‌ನಿಂದ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದಿರಿ. ನನ್ನನ್ನೂ ಹತ್ತಿಸಿಕೊಂಡಿರಿ. ದಾರಿಗೆ ಅಂತ ಡಬ್ಬಿಯಲ್ಲಿ ಅವಲಕ್ಕಿ ಚೂಡಾ ಕೊಟ್ಟಿರಿ.

ಅರ್ಧ ದಾರಿಯ ವೇಕೋ ಊರು ದಾಟುವಾಗ ಫೋನ್ ಬಂತು. ಅಷ್ಟು ಹೊತ್ತಿಗೆ ನನ್ನ ಹೆಡ್‌ಫೋನಿನ ಬ್ಯಾಟರಿ ಸತ್ತಿತ್ತು. ಇದು ಸುಳ್ಳು. ಬ್ಯಾಟರಿ ಇತ್ತು, ಹಾಡು ನಿಲ್ಲಿಸಿದ್ದು ನಾನೇ. ನೋಡಿ, ಈಗಲೂ ಕೈ ತಾನಾಗಿ ಹಾಗೇ ಬರೆಯುತ್ತದೆ.

ಕಾರಿನ ಸ್ಪೀಕರ್‌ನಲ್ಲಿ ಗಿರೀಶ್ ಅಂಕಲ್. ಡಾಲಸ್ ಟೀಮಿನ ಆಟಗಾರರನ್ನು ನೋಡುವ ಕ್ಲಿನಿಕ್ಕಿನಲ್ಲಿ ನೀವು ಸ್ಕ್ಯಾನ್ ಓದುವ ಡಾಕ್ಟರು, ಅವರು ಅಲ್ಲೇ ಮೂಳೆ ಡಾಕ್ಟರು. ಹುಬ್ಬಳ್ಳಿಯ ಕಾಲೇಜಿನಲ್ಲಿ ನಿಮಗಿಂತ ಚಿಕ್ಕವರು. ಸ್ವಂತ ತಮ್ಮನ ಹಾಗೆ. ಅವರು ಇಂಗ್ಲಿಷಿನಲ್ಲಿ ಶುರು ಮಾಡಿದರು. ನೀವು ತಡೆದಿರಿ.

"ಗಿರ್ಯಾ, ಗಾಡ್ಯಾಗ ಹುಡುಗ ಇದ್ದಾನ. ಕನ್ನಡದಾಗ ಮಾತಾಡು, ಅವಂಗ ತಿಳಿಯಂಗಿಲ್ಲ."

"ಆತ್ರೀ ಅಕ್ಕಾ. ಆ ಎಡಗೈಯವನ ಸ್ಕ್ಯಾನ್ ನೋಡಿದ್ರೇನ್ರಿ? ಹೂಸ್ಟನ್‌ದವರು ಅವಸರ ಮಾಡ್ಲಿಕತ್ತಾರ."

"ಅವಸರ ಮಾಡಿದ್ರ ಹೆಂಗಪಾ? ಮೊಳಕೈ ಒಳಗ ಒಂದ ಸಣ್ಣ ನೆರಳು ಕಾಣಸ್ತದ. ಹರದದ ಅಂತ ಹೇಳ್ಲಿಕ್ಕೆ ಬರಂಗಿಲ್ಲ. ಇನ್ನೊಂದ ಸಲ ತಗದು ನೋಡೋಣು."

"ಹಂಗಾರ ನಾಳೆನ ತಗಸ್ತೀನಿ. ಪಂಚಮಿ ಉಂಡಿ ಮರೀಬ್ಯಾಡ್ರಿ ಮತ್ತ."

"ಮದಲ ಕೆಲಸ, ಆಮ್ಯಾಲೆ ಹೊಟ್ಟಿ."

ಅಷ್ಟೇ. ನೀವು ಅವನ ಹೆಸರು ಕೂಡ ಎತ್ತಲಿಲ್ಲ. ಎತ್ತುವ ಅಗತ್ಯವೇ ಇರಲಿಲ್ಲ — ಎಡಗೈ, ಹೂಸ್ಟನ್, ಅವಸರ. ನನಗೆ ಎಲ್ಲ ಅರ್ಥವಾಗಿತ್ತು, ಮುಖ ಮಾತ್ರ ದಿಂಬಿನ ಹಾಗೆ. ನೀವು ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕಿರಿ. ನಾನು ಚೂಡಾ ಡಬ್ಬಿ ಎತ್ತಿ ತೋರಿಸಿ 'ಯಮ್ಮಿ' ಅಂದೆ.

ಆ ಟೂರ್ನಮೆಂಟಿನಲ್ಲಿ ನನ್ನ ಪಾತ್ರ ಬೆಂಚು ಬಿಸಿ ಮಾಡುವುದು. ಆಸ್ಟಿನ್ ಬಿಸಿಲಿನಲ್ಲಿ ಅದು ತಾನೇ ಬಿಸಿಯಾಗಿತ್ತು, ನನ್ನ ಅಗತ್ಯ ಅದಕ್ಕೂ ಇರಲಿಲ್ಲ. ಪಕ್ಕದಲ್ಲಿ ಮೇಸನ್, ನಮ್ಮ ಕ್ಯಾಚರ್, ತಲೆ ಮೇಲೆ ಟವೆಲ್ ಹಾಕಿಕೊಂಡು, "ಹೋದ, ಅವನು ಹೋದ" ಅಂತ ಗೋಳಾಡುತ್ತಿದ್ದ. ನಾನು ಕಾಲ ಮೇಲೆ ಕಾಲು ಹಾಕಿದೆ.

"ಅವನು ಎಲ್ಲಿಗೂ ಹೋಗಲ್ಲ."

"ಯಾರು ಹೇಳಿದ್ದು? ನಿಮ್ಮಜ್ಜಿನಾ?"

"ಡಾಕ್ಟರು."

ಇಡೀ ಬೆಂಚು ನನ್ನ ಕಡೆ ತಿರುಗಿತು. ಆ ವರ್ಷವೆಲ್ಲ ಒಮ್ಮೆಯೂ ತಿರುಗಿರಲಿಲ್ಲ, ಆಂಟಿ. ಮೊದಲು 'ಸಣ್ಣ ನೆರಳು' ಅಂತಲೇ ಹೇಳಿದೆ. ಯಾರಿಗೂ ಸಾಲಲಿಲ್ಲ. ನೆರಳು ಹರಿಯಿತು. ಆಮೇಲೆ ಪೂರ್ತಿ ಹರಿಯಿತು. ಆಮೇಲೆ ಒಂದೇ ಒಂದು ಎಳೆಯಲ್ಲಿ ನೇತಾಡತೊಡಗಿತು. "ಅವನಿಗೆ ಚಮಚ ಎತ್ತೋಕೂ ಆಗಲ್ಲ, ಹೆಂಡತಿ ತಿನ್ನಿಸ್ತಾಳೆ" ಅಂದಾಗ ಹುಡುಗರು ನಗುತ್ತಾ ಅಳುತ್ತಾ ಕುಣಿದರು. ಆ ಚಮಚ ನನ್ನದೇ. ಅದನ್ನು ಬೆಂಚಿನ ಮೇಲೆ ಕೂತು ಕಟ್ಟಿದವನು ನಾನು.

ಮೇಸನ್‌ನ ಅಣ್ಣ ಅಭಿಮಾನಿಗಳದ್ದೊಂದು ಪೇಜ್ ನಡೆಸುತ್ತಾನೆ ಅಂತ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ಇಷ್ಟು ದಿನ ನನಗೇ ಹೇಳಿಕೊಂಡಿದ್ದೆ.

ಮರುದಿನ ವಾಪಸ್ ಬರುವಾಗ ನೀವು ಟ್ರಾಫಿಕ್ ಕೇಳಲು ರೇಡಿಯೋ ಹಾಕಿದಿರಿ. ಕ್ರೀಡೆಯ ಮಾತುಗಾರನೊಬ್ಬ ಅರಚುತ್ತಿದ್ದ: ಡಾಕ್ಟರುಗಳ ಕಡೆಯಿಂದಲೇ ಬಂದ ಸುದ್ದಿಯಂತೆ, ಮೊಳಕೈ ಮುಗಿಯಿತಂತೆ, ಪಾಪ, ಚಮಚ ಕೂಡ —

ನೀವು ಕಾರನ್ನು ಪೆಟ್ರೋಲ್ ಬಂಕಿಗೆ ತಿರುಗಿಸಿದಿರಿ. ಇಳಿಯಲಿಲ್ಲ. ಅಲ್ಲೇ ಕೂತು ಗಿರೀಶ್ ಅಂಕಲ್‌ಗೆ ಫೋನ್ ಮಾಡಿದಿರಿ. ಸ್ಪೀಕರ್ ಆಫ್ ಮಾಡಲು ಕೈಗೆ ನೆನಪಾಗಲಿಲ್ಲ.

"ಗಿರ್ಯಾ, ಯಾರ ಮುಂದರ ಅಂದಿಯೇನು?"

"ಇಲ್ರಿ ಅಕ್ಕಾ, ದೇವರಾಣಿ." ಆಮೇಲೆ, "ನೀವು?"

ಆ 'ನೀವು?' ಕೇಳಿದಾಗ ನಿಮ್ಮ ಕುತ್ತಿಗೆ ಹಿಂದಿನಿಂದ ಕಾಣುತ್ತಿತ್ತು. ಅದು ಮುದುಡಿತು. ನಾನು ಹೆಡ್‌ಫೋನ್ ಹಾಕಿಕೊಂಡು ತಲೆ ಕುಣಿಸುತ್ತಾ ಕೂತಿದ್ದೆ. ಹಾಡು ಇರಲಿಲ್ಲ. ಇಲ್ಲದ ಹಾಡಿಗೆ ತಲೆ ಕುಣಿಸಿದೆ, ಆಂಟಿ.

ಮನೆಗೆ ಬಂದು ಹುಚ್ಚನ ಹಾಗೆ ಎಲ್ಲರಿಗೂ ಬರೆದೆ. ಸುಳ್ಳು, ನಾನೇ ಕಟ್ಟಿದ್ದು, ತಮಾಷೆಗೆ. ಯಾರೂ ನಂಬಲಿಲ್ಲ. "ಇವನಿಗೆ ಯಾರೋ ಧಮ್ಕಿ ಹಾಕಿದಾರೆ, ಹಾಗಾದ್ರೆ ನಿಜಾನೇ" ಅಂದರು. ಬಾಯಿ ಮುಚ್ಚಿಸಿದ್ದಾರೆ ಅನ್ನುವ ಗಾಳಿಸುದ್ದಿ ಬೇರೆ ಎದ್ದಿತು. ಮೇಸನ್‌ನ ಅಣ್ಣನಿಗೆ ಕಾಲ್ ಮಾಡಿ ಬೇಡಿಕೊಂಡೆ, ಆಂಟಿ. ಅವನು, "ಬ್ರೋ, ಇಂಥ ಸುದ್ದಿ ಇನ್ನೇನಾದ್ರೂ ಸಿಕ್ರೆ ಮೊದಲು ನಂಗೆ ಹೇಳು" ಅಂದ. ಹೂಸ್ಟನ್‌ನವರು ಹಿಂದೆ ಸರಿದರು. ಗಡುವು ದಾಟಿತು. ಪಿಚರ್ ಡಾಲಸ್‌ನಲ್ಲೇ ಉಳಿದ. ಹುಡುಗರು ನನಗೆ ಪಿಜ್ಜಾ ಕೊಡಿಸಿದರು. ತಿಂದೆ.

ಕ್ಲಿನಿಕ್ಕಿನಲ್ಲಿ ವಿಚಾರಣೆ ಶುರುವಾಯಿತು. ರೋಗಿಯ ಗುಟ್ಟು ಹೊರಗೆ ಹೋದರೆ ಡಾಕ್ಟರ ಗತಿ ಏನು ಅಂತ ಅಮ್ಮ ಅಪ್ಪನಿಗೆ ಹೇಳುವಾಗ ಕೇಳಿಸಿಕೊಂಡೆ — ಲೈಸೆನ್ಸಿಗೇ ಕುತ್ತು ಬರಬಹುದಂತೆ. ಆ ನೆರಳಿನ ವಿಷಯ ಗೊತ್ತಿದ್ದದ್ದು ನಿಮ್ಮಿಬ್ಬರಿಗೆ ಮಾತ್ರ. ನೀವು ಹೇಳಿಲ್ಲ ಅಂತ ನಿಮಗೆ ಗೊತ್ತು. ಅವರು ಹೇಳಿಲ್ಲ ಅಂತ ಅವರಿಗೆ ಗೊತ್ತು. ಅಂದಮೇಲೆ...

ಆಮೇಲೆ ನೀವು ನಮ್ಮ ಮನೆಗೆ ಬಂದಿರಿ. ಬೇರೆ ಯಾರೋ ಆಗಿದ್ದರೆ ಕಿರುಚಾಡುತ್ತಿದ್ದರು. ನೀವು ಅಮ್ಮ ಕೊಟ್ಟ ಕಾಫಿಯನ್ನು ಮುಟ್ಟದೆ, ನನ್ನ ಎದುರಿಗೆ ಕೂತು, ನನ್ನ ಕಣ್ಣನ್ನೇ ನೋಡುತ್ತಾ, ಮೆಲ್ಲಗೆ ಕೇಳಿದಿರಿ.

"ನಿನಗೇನರ ತಿಳಿದಿತ್ತೇನಪಾ ಅವತ್ತು? ತಿಳಿದಿದ್ರ ಹೇಳು. ನಾ ಬೈಯಂಗಿಲ್ಲ. ನನ್ನ ತಮ್ಮನ್ನ ನಾ ಕಳ್ಳ ಅನಬಾರದು, ಅದಕ್ಕ ಕೇಳ್ಲಿಕತ್ತೀನಿ."

ಅಷ್ಟು ಒಳ್ಳೆಯ ಬಾಗಿಲನ್ನು ಯಾರೂ ಯಾರಿಗೂ ತೆರೆದಿರಲಿಕ್ಕಿಲ್ಲ. ನಾನು ಹುಬ್ಬು ಏರಿಸಿ, ಅಮ್ಮನ ಕಡೆ ನೋಡಿ, ಎಷ್ಟೋ ವರ್ಷ ಪಳಗಿಸಿದ್ದ ಆ ಪೆದ್ದು ನಗು ನಕ್ಕೆ.

"ಸಾರಿ, ಆಂಟಿ. ವಾಟ್?"

ಅಮ್ಮ ನಕ್ಕುಬಿಟ್ಟಳು. "ಅಯ್ಯೋ ವೀಣಾ, ಇವನಿಗೆಲ್ಲಿ ಬರುತ್ತೆ? 'ಬಾ, ಕೂತ್ಕೋ' ಬಿಟ್ರೆ ಏನೂ ಗೊತ್ತಿಲ್ಲ ಇದಕ್ಕೆ." ನೀವೂ ನಗಲು ನೋಡಿದಿರಿ. ನನ್ನ ತಲೆ ಸವರಿ ಎದ್ದು ಹೋದಿರಿ. ನನ್ನ ನಾಟಕಗಳಲ್ಲೆಲ್ಲ ಅತ್ಯುತ್ತಮ ಅಭಿನಯ ಅದೇ. ಅಜ್ಜಿಗೆ ಅದೊಂದನ್ನು ಹೇಳಲಿಲ್ಲ.

ಆ ವರ್ಷ ನಾಗರ ಪಂಚಮಿಗೆ ಗಿರೀಶ್ ಅಂಕಲ್ ನಿಮ್ಮ ಮನೆಗೆ ಬರಲಿಲ್ಲ. ಈ ದೇಶಕ್ಕೆ ಬಂದಾಗಿನಿಂದ ತಪ್ಪಿಸಿರಲಿಲ್ಲವಂತೆ. ನಿಮ್ಮ ಕಡೆ ಪಂಚಮಿ ಅಂದರೆ ಅಕ್ಕತಂಗಿಯರ, ಅಣ್ಣತಮ್ಮಂದಿರ ಹಬ್ಬ ಅಂತ ನನಗೆ ಗೊತ್ತಾದದ್ದೇ ಅವತ್ತು. ನೀವು ಅವರಿಗಂತ ಕಟ್ಟಿದ್ದ ಶೇಂಗಾ ಉಂಡಿ, ಎಳ್ಳುಂಡಿಯ ಡಬ್ಬಿಯನ್ನು ಬಾಗಿಲಲ್ಲೇ ಅಮ್ಮನ ಕೈಗೆ ಕೊಟ್ಟು, "ನೀವರ ತಿನ್ರಿ" ಅಂದು ಹೋದಿರಿ. ಅಮ್ಮ ನನ್ನ ತಟ್ಟೆಗೆ ಹಾಕಿದಳು. ಬೇಡ ಅಂದರೆ ಯಾಕೆ ಅಂತ ಕೇಳುತ್ತಾಳೆ. ತಿಂದೆ. ಗಿರೀಶ್ ಅಂಕಲ್ ಪಾಲಿನ ಉಂಡಿ, ಒಂದೊಂದೇ, ನೀರು ಕುಡಿದು ಕುಡಿದು ನುಂಗಿದೆ. ತುಂಬ ರುಚಿಯಾಗಿತ್ತು. ಅದೇ ಭಯಂಕರ.

ಯಾರ ಮೇಲೂ ತಪ್ಪು ಸಾಬೀತಾಗಲಿಲ್ಲ, ಆದರೆ ಟೀಮಿನವರು ಆ ಕ್ಲಿನಿಕ್ಕಿಗೆ ಬರುವುದನ್ನು ನಿಲ್ಲಿಸಿದರು. ಗಿರೀಶ್ ಅಂಕಲ್ ಕೆಲಸ ಬಿಟ್ಟು ಹೂಸ್ಟನ್‌ಗೆ ಶಿಫ್ಟ್ ಆದರು. ನೀವು ಮನೆ ಮಾರಿ ಆಸ್ಟಿನ್‌ಗೆ ಹೋದಿರಿ. ಅಮ್ಮ, "ಒಂದೇ ಊರಲ್ಲಿ ಮುಖ ನೋಡ್ಕೊಂಡು ಇರಕ್ಕಾಗಲ್ವಂತೆ" ಅಂದಳು. ಆ ವರ್ಷ ಡಾಲಸ್‌ನಿಂದ ಟ್ರೇಡ್ ಆದದ್ದು ಪಿಚರ್ ಅಲ್ಲ, ಆಂಟಿ. ನೀವಿಬ್ಬರು. ಮಾಡಿಸಿದವನು ನಾನು.

ಪಿಚರ್‌ನ ಮೊಳಕೈ? ಏನೂ ಆಗಿರಲಿಲ್ಲ. ಸೀಸನ್ ಮುಗಿಯುವ ತನಕ ಎಸೆದ. ಅವನು ಎಸೆಯುವಾಗೆಲ್ಲ ನಾನು ಟಿವಿ ಮುಂದೆ ಕೂತು ದೇವರನ್ನು ಬೇಡಿಕೊಳ್ಳುತ್ತಿದ್ದೆ. ಅವನ ಕೈ ನೋಯಲಿ ಅಂತ. ನಾನು ಹೇಳಿದ್ದು ಸ್ವಲ್ಪವಾದರೂ ನಿಜವಾಗಲಿ ಅಂತ. ಇಂಥದ್ದನ್ನೂ ಬೇಡಿಕೊಂಡಿದ್ದೇನೆ.

ಮೊನ್ನೆ ಅಮ್ಮ ಅಡುಗೆಮನೆಯಲ್ಲಿ ನಿಮ್ಮ ಜೊತೆ ಸ್ಪೀಕರ್ ಹಾಕಿ ಮಾತಾಡುತ್ತಿದ್ದಳು. ಮತ್ತೆ ಜುಲೈ, ಮತ್ತೆ ಟ್ರೇಡ್ ಸುದ್ದಿ, ಪಂಚಮಿ ಹತ್ತಿರ ಬಂದಿದೆ. ಉಂಡೆ ಮಾಡ್ತೀರಾ ಅಂತ ಅಮ್ಮ ಕೇಳಿದಳು. "ಇಲ್ಲವಾ. ಯಾರಿಗಂತ ಕಟ್ಟಲಿ?" ಅಂದಿರಿ. ನಾನು ಪಕ್ಕದಲ್ಲೇ ಸೀರಿಯಲ್ ತಿನ್ನುತ್ತಾ ನಿಂತಿದ್ದೆ, ಅರ್ಥವಾಗದವನ ಹಾಗೆ. ಚಮಚ ಬಾಯಿಗೆ ಎತ್ತಲು ಆಗಲಿಲ್ಲ. ಇದನ್ನು ತಮಾಷೆಗೆ ಸೇರಿಸಿದ್ದಲ್ಲ. ನಿಜವಾಗಿ ಆಗಲಿಲ್ಲ.

ಇದನ್ನು ಅಜ್ಜಿಗೆ ಕ್ಯಾಮೆರಾ ಮುಂದೆ ಹಿಡಿದು ಓದಿಸಿದೆ. ಒತ್ತಕ್ಷರ ತಿದ್ದಿದಳು. ನಗಲಿಲ್ಲ. "ಅಮ್ಮನಿಗೆ ಮೊದಲು ಹೇಳು" ಅಂದಳು. ಇವತ್ತು ಹೇಳುತ್ತೇನೆ. ಕ್ಲಿನಿಕ್ಕಿಗೂ ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದೇನೆ, ಆದರೆ ನೀವಿಬ್ಬರೂ ಒಪ್ಪದೆ ಕಳಿಸುವುದಿಲ್ಲ. ನಿಮ್ಮ ವಿಷಯವನ್ನು ನಿಮ್ಮನ್ನು ಕೇಳದೆ ಇನ್ನೊಂದು ಸಲ ಹೊರಗೆ ಹಾಕಲಾರೆ.

ಈಗ ನನಗೆ ಡ್ರೈವಿಂಗ್ ಲೈಸೆನ್ಸ್ ಇದೆ. ಶನಿವಾರ ಆಸ್ಟಿನ್‌ಗೆ ಬರುತ್ತೇನೆ, ಅಲ್ಲಿಂದ ಹೂಸ್ಟನ್‌ಗೆ. ಕ್ಷಮಿಸಿ ಅಂತ ಕೇಳಲು ಅಲ್ಲ. ಅದನ್ನು ಕೇಳುವ ಮುಖ ನನಗಿಲ್ಲ. ಆವತ್ತು ನಮ್ಮ ಮನೆಯಲ್ಲಿ ನೀವು ಕೇಳಿದ ಪ್ರಶ್ನೆಗೆ ಉತ್ತರ ಬಾಕಿ ಇದೆ. ಬಾಗಿಲು ತೆಗೆದು ಅದನ್ನೇ ಇನ್ನೊಮ್ಮೆ ಕೇಳಿ, ಆಂಟಿ. ತೆಗೆಯಲು ಮನಸ್ಸಾಗದಿದ್ದರೆ ಒಳಗಿನಿಂದಲೇ ಕೇಳಿ. ಹೊರಗೆ ನಿಂತು ಉತ್ತರ ಹೇಳುತ್ತೇನೆ, ನಿಮಗೆ ಕೇಳಿಸುವ ಹಾಗೆ, ಕನ್ನಡದಲ್ಲಿ.